ಬೆಂಕಿ ಉಗುಳುವ ಬೆಟ್ಟ ಭೂಮಿಯನ್ನು ತಂಪಾಗಿಸುವುದು ಹೇಗೆ?

ಪ್ರಶ್ನೆ: ದೊಡ್ಡ ಜ್ವಾಲಾಮುಖಿ ಸಿಡಿದರೆ ಒಂದೆರಡು ವರ್ಷ ಭೂಮಿ ತಣ್ಣಗಾಗುತ್ತದಂತೆ. ಅಷ್ಟೊಂದು ಲಾವಾ, ಇಂಗಾಲದ ಡೈಆಕ್ಸೈಡ್ ಹೊರಬಂದ ಮೇಲೆ ಬಿಸಿಯೇ ಏರಬೇಕಲ್ಲವೇ?

ಉತ್ತರ: ಲಾವಾದ ಬಿಸಿ ಆ ಬೆಟ್ಟದ ಸುತ್ತಮುತ್ತಲಿಗಷ್ಟೇ, ಇಡೀ ಭೂಮಿಯ ಲೆಕ್ಕದಲ್ಲಿ ಅದು ನಗಣ್ಯ. ಚಿತ್ರಗಳಲ್ಲಿ ಭಯ ಹುಟ್ಟಿಸುವ ಬೂದಿಯೂ ಬಹುಪಾಲು ದಿನಗಳಲ್ಲೋ ವಾರಗಳಲ್ಲೋ ಕೆಳಗಿಳಿಯುತ್ತದೆ. ನಿಜವಾದ ಕೆಲಸ ಗಂಧಕದ ಅನಿಲವಾದ ಸಲ್ಫರ್ ಡೈಆಕ್ಸೈಡಿನದು. ಅದು ಎಷ್ಟು ಹೊರಬಿತ್ತು, ಎಷ್ಟು ಮೇಲೆ ಹೋಯಿತು ಎಂಬುದನ್ನು ಮೊದಲು ನೋಡಬೇಕು.

ಮೋಡ, ಮಳೆಗಳಿರುವ ಪರಿವರ್ತನ ಮಂಡಲದಲ್ಲೇ ಉಳಿದ ಅನಿಲವನ್ನು ಮಳೆ ಬೇಗನೆ ತೊಳೆದುಬಿಡುತ್ತದೆ. ಅದರ ಮೇಲಿನ ಸಮೋಷ್ಣ ಮಂಡಲದಲ್ಲಿ ಮಳೆಯಿಲ್ಲ. ಅಲ್ಲಿಗೆ ತಲುಪಿದ ಅನಿಲ ಕೆಲವೇ ವಾರಗಳಲ್ಲಿ ಗಂಧಕಾಮ್ಲದ ಸೂಕ್ಷ್ಮ ಹನಿಗಳಾಗಿ ವರ್ಷ, ಎರಡು ವರ್ಷ ತೇಲುತ್ತದೆ. ಈ ಹನಿಗಳು ಬಿಸಿಲಿನ ಒಂದು ಪಾಲನ್ನು ಬಾಹ್ಯಾಕಾಶಕ್ಕೆ ಹಿಂದಿರುಗಿಸುತ್ತವೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸುಮಾರು 1.5 ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ಮೇಲಕ್ಕೆ ಕಳಿಸಿತು. ಅದರ ಮಬ್ಬು ಮೂರೇ ವಾರಗಳಲ್ಲಿ ಭೂಮಿಯನ್ನು ಸುತ್ತಿತು. ಮರುವರ್ಷ ಜಗತ್ತಿನ ಸರಾಸರಿ ಉಷ್ಣತೆ ಸುಮಾರು 0.5 ಡಿಗ್ರಿ ಸೆಲ್ಸಿಯಸ್ ಇಳಿಯಿತು. 1815ರಲ್ಲಿ ಸಿಡಿದ ಇಂಡೋನೇಷ್ಯಾದ ತಂಬೋರಾ ಇದಕ್ಕಿಂತಲೂ ದೊಡ್ಡದು. 1816ರಲ್ಲಿ ಯುರೋಪಿಗೆ ಬೇಸಿಗೆಯೇ ಸರಿಯಾಗಿ ಬರಲಿಲ್ಲ, ಬೆಳೆ ಕೈಕೊಟ್ಟಿತು.

ಸದ್ದು ದೊಡ್ಡದಾದರೆ ಪರಿಣಾಮವೂ ದೊಡ್ಡದು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. 1980ರ ಅಮೆರಿಕದ ಸೇಂಟ್ ಹೆಲೆನ್ಸ್, 1982ರ ಮೆಕ್ಸಿಕೋದ ಎಲ್ ಚಿಚೋನ್ ಎರಡೂ ಸ್ಫೋಟದ ಮಾಪನದಲ್ಲಿ 5ನೇ ದರ್ಜೆಯವೇ. ಆದರೆ ಮೊದಲನೆಯದು ಪಕ್ಕಕ್ಕೆ ಸಿಡಿಯಿತು, ಉಗುಳಿದ ಸಲ್ಫರ್ ಡೈಆಕ್ಸೈಡ್ ಸುಮಾರು 10 ಲಕ್ಷ ಟನ್. ಎರಡನೆಯದು ನೇರ ಮೇಲಕ್ಕೆ, ಸುಮಾರು 70 ಲಕ್ಷ ಟನ್. ಹವಾಮಾನದ ಮಟ್ಟಿಗೆ ಹೆಲೆನ್ಸ್ ಲೆಕ್ಕಕ್ಕೇ ಇಲ್ಲ. ಸ್ಥಳವೂ ಮುಖ್ಯ: ಸಮಭಾಜಕದ ಹತ್ತಿರ ಸಿಡಿದರೆ ಹನಿಗಳು ಎರಡೂ ಗೋಳಾರ್ಧಗಳಿಗೆ ಹರಡುತ್ತವೆ, ಧ್ರುವದ ಕಡೆ ಸಿಡಿದರೆ ಹೆಚ್ಚಾಗಿ ಆ ಗೋಳಾರ್ಧದಲ್ಲೇ ಉಳಿಯುತ್ತವೆ. 2022ರ ಹುಂಗಾ ಟೋಂಗಾ ಮಾತ್ರ ವಿಚಿತ್ರ. ಅದು ಕಡಲಡಿಯ ಜ್ವಾಲಾಮುಖಿಯಾದ್ದರಿಂದ ಗಂಧಕಕ್ಕಿಂತ ನೀರಾವಿಯನ್ನೇ ಹೆಚ್ಚು ಮೇಲೇರಿಸಿತು.

ಇನ್ನು ನಿಮ್ಮ ಇಂಗಾಲದ ಡೈಆಕ್ಸೈಡ್. ಅದು ಬಿಸಿ ಹೆಚ್ಚಿಸುವ ಅನಿಲ ಹೌದು, ಆದರೆ ಜಗತ್ತಿನ ಎಲ್ಲ ಜ್ವಾಲಾಮುಖಿಗಳು ಸೇರಿ ವರ್ಷಕ್ಕೆ ಬಿಡುವುದು ಮನುಷ್ಯರು ಬಿಡುವುದರ ಶೇ 1ಕ್ಕಿಂತಲೂ ಕಡಿಮೆ ಎಂಬುದು ಅಂದಾಜು. ಕಲ್ಲಿದ್ದಲು, ತೈಲ, ಅನಿಲ ಸುಟ್ಟೇ ನಾವು ವರ್ಷಕ್ಕೆ 3,500 ಕೋಟಿ ಟನ್‌ಗೂ ಹೆಚ್ಚು ಸೇರಿಸುತ್ತಿದ್ದೇವೆ. ಪಿನಾಟುಬೊ ಸಿಡಿದ ಮರುವರ್ಷ ಗಾಳಿಯಲ್ಲಿ ಈ ಅನಿಲದ ಏರಿಕೆ ಚುರುಕಾಗುವ ಬದಲು ನಿಧಾನವಾಗಿತ್ತು.