ಓದುಗರ ಪ್ರಶ್ನೋತ್ತರ: ಆನ್‌ಲೈನ್ ಕೋರ್ಸು ಕಟ್ಟಲು ಹೊರಟ ಶಿಕ್ಷಕರಿಗೆ

ಪ್ರಶ್ನೆ: ನಮ್ಮ ಭಾಗದ ಮೂವತ್ತು ಶಿಕ್ಷಕರಿಗೆ ಆನ್‌ಲೈನ್ ಕೋರ್ಸು ತಯಾರಿಸುವ ತರಬೇತಿ ಕೊಡಬೇಕೆಂದಿದ್ದೇವೆ. ಕಂಪ್ಯೂಟರ್ ಲ್ಯಾಬು ಎರಡು ದಿನಕ್ಕೆ ಸಿಕ್ಕಿದೆ. ಅಷ್ಟರಲ್ಲಿ ಏನೇನು ಕಲಿಸಬಹುದು?
– ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಕಲಘಟಗಿ ತಾಲ್ಲೂಕು

ಉತ್ತರ: ಎರಡು ದಿನದಲ್ಲಿ ಖಾತೆ ತೆರೆಯುವುದು, ಫೈಲು ಏರಿಸುವುದು, ಕ್ವಿಜ್ ಮಾಡುವುದು ಗೊತ್ತಾಗುತ್ತದೆ. ಕೋರ್ಸು ಕಟ್ಟುವುದು ಬರುವುದಿಲ್ಲ. ಸೋಮವಾರ ಶಾಲೆಗೆ ಮರಳುವ ಹೊತ್ತಿಗೆ ಅರ್ಧ ಜನ ಪಾಸ್‌ವರ್ಡ್ ಮರೆತಿರುತ್ತಾರೆ. ಲ್ಯಾಬಿನಲ್ಲಿ ಸಲೀಸಾಗಿ ನಡೆದದ್ದು ಊರಿನ ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ. ಕೇಳೋಣವೆಂದರೆ ಕಲಿಸಿದವರು ಹತ್ತಿರ ಇರುವುದಿಲ್ಲ.

ಆ ಎರಡು ದಿನಗಳನ್ನು ಬೇರೆ ಮಾಡಿ. ಒಂದು ದಿನ ಮೊದಲಿಗೆ, ಇನ್ನೊಂದು ಕೊನೆಗೆ, ನಡುವೆ ಆರು ವಾರ. ವಾರಕ್ಕೆ ಮೂರು ಗಂಟೆಯ ಆನ್‌ಲೈನ್ ಕೆಲಸ ಇಟ್ಟರೆ, ದಿನಕ್ಕೆ ಆರು ಗಂಟೆಯಂತೆ ಆ ಎರಡು ದಿನವೂ ಸೇರಿ 30 ಗಂಟೆ ಆಗುತ್ತದೆ. ಮೂವತ್ತು ಜನರನ್ನು ಮೂವರಂತೆ ಹತ್ತು ಗುಂಪು ಮಾಡಿ. ಒಂದೇ ವಿಷಯದವರು ಒಂದೇ ಗುಂಪಿನಲ್ಲಿರಲಿ, ಇಲ್ಲದಿದ್ದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ತಿದ್ದಲಾರರು.

ಮೊದಲ ವಾರ ಶಿಕ್ಷಕರು ಏನನ್ನೂ ತಯಾರಿಸಬಾರದು, ವಿದ್ಯಾರ್ಥಿಗಳಾಗಿ ಕೂಡಬೇಕು. ಒಂದು ವಾರದ ಚಿಕ್ಕ ಕೋರ್ಸನ್ನು ತಮ್ಮ ಮೊಬೈಲಿನಲ್ಲಿ, ತಮ್ಮದೇ ಡೇಟಾ ಖರ್ಚು ಮಾಡಿ, ಮನೆಯಲ್ಲಿ ಕೂತು ಮುಗಿಸಬೇಕು. ನಮ್ಮ ಪ್ರಕಾರ ಇಡೀ ತರಬೇತಿಯ ಜೀವಾಳ ಇದೇ. 'ಉತ್ತರ ಎಲ್ಲಿ ಬರೆಯಬೇಕು?' ಎಂದು ಪರದೆಯನ್ನು ಮೇಲೆ ಕೆಳಗೆ ಸರಿಸಿ ಬೇಸತ್ತವರು ತಮ್ಮ ಕೋರ್ಸಿನಲ್ಲಿ ಸೂಚನೆಯನ್ನು ಬಿಡಿಸಿ ಬರೆಯುತ್ತಾರೆ. ಬರೆದ ಉತ್ತರಕ್ಕೆ ನಾಲ್ಕು ದಿನ ಯಾರೂ ಏನೂ ಹೇಳದಿದ್ದರೆ ಹೇಗಾಗುತ್ತದೆ ಎಂಬುದನ್ನೂ ಅನುಭವಿಸಿಯೇ ತಿಳಿಯಬೇಕು.

ಎರಡನೇ ವಾರ ತಮ್ಮ ಕೋರ್ಸಿನ ಒಂದು ಪುಟದ ನಕ್ಷೆ ಬರೆಯುವುದು. ಮೂರನೇ ವಾರ ಒಂದೇ ಒಂದು ವಾರದ ಪಾಠ ಕಟ್ಟುವುದು, ಇಡೀ ಕೋರ್ಸು ಬೇಡ. ನಾಲ್ಕನೇ ವಾರ ಅದನ್ನು ಮೂರರಿಂದ ಐದು ಮಕ್ಕಳ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂಡಬೇಕು. ಬಾಯಿ ಬಿಟ್ಟು ಸಹಾಯ ಮಾಡಿದರೆ ಪರೀಕ್ಷೆ ಕೆಟ್ಟಿತು. ಮಗು ಎಲ್ಲಿ ನಿಂತಿತು, ಏನು ಕೇಳಿತು, ಎಷ್ಟು ನಿಮಿಷ ಹಿಡಿಯಿತು ಎಂದು ಬರೆದುಕೊಂಡು ತಿದ್ದಬೇಕು. ಐದನೇ ವಾರ 15–20 ಮಕ್ಕಳಿಗೆ ನಿಜವಾಗಿ ಕಲಿಸುವುದು. ಆರನೇ ವಾರ ಯಾರು ಎಲ್ಲಿ ಬಿಟ್ಟುಹೋದರು ಎಂದು ದಾಖಲೆ ನೋಡಿ ಮತ್ತೆ ತಿದ್ದುವುದು. ಪ್ರಮಾಣಪತ್ರವನ್ನು ಹಾಜರಿಗೆ ಕೊಡಬೇಡಿ, ತಿದ್ದಿದ ಪಾಠಕ್ಕೆ ಕೊಡಿ.

ಜೂನ್ ತಿಂಗಳು ದಾಖಲಾತಿಯಲ್ಲಿ ಹೋಗುತ್ತದೆ. ಜುಲೈ ನಡುವಿನಿಂದ ಆಗಸ್ಟ್ ಕೊನೆವರೆಗೆ ಹಮ್ಮಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಏಳನೇ ತರಗತಿಯ ಶೇಕಡಾ ಪಾಠಕ್ಕೆ 60 ಸ್ಲೈಡು ತಯಾರಾಗಿವೆ. ಇವನ್ನೇ ಕೋರ್ಸು ಮಾಡಲು ಎಲ್ಲಿಂದ ಶುರು ಮಾಡಲಿ?
– ಗಣಿತ ಶಿಕ್ಷಕಿ, ಬ್ಯಾಡಗಿ

ಉತ್ತರ: ಸ್ಲೈಡುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಖಾಲಿ ಹಾಳೆಯ ಮೇಲೆ ಒಂದು ವಾಕ್ಯ ಬರೆಯಿರಿ: ವಾರದ ಕೊನೆಗೆ ಮಗು ಏನು ಮಾಡಿ ತೋರಿಸಬೇಕು? 'ಶೇಕಡಾ ಅರ್ಥ ಮಾಡಿಕೊಳ್ಳುವುದು' ಎಂದು ಬರೆದರೆ ಅಳೆಯಲು ಬರುವುದಿಲ್ಲ. 'ಒಂದು ಪ್ರಮಾಣ ಕಡಿಮೆಯಾದಾಗ ಎಷ್ಟು ಶೇಕಡಾ ಇಳಿಯಿತೆಂದು ಲೆಕ್ಕ ಹಾಕಿ, ಯಾವುದರಿಂದ ಭಾಗಿಸಿದೆ ಎಂದು ಕಾರಣ ಹೇಳುವುದು' ಎಂದರೆ ಅಳೆಯಬಹುದು. ಆಮೇಲೆ ಅದನ್ನು ತೋರಿಸುವ ಪ್ರಶ್ನೆ, ಆಮೇಲೆ ಅದಕ್ಕೆ ಬೇಕಾದ ಅಭ್ಯಾಸ, ಕಟ್ಟಕಡೆಗೆ ವಿಡಿಯೊ ಮತ್ತು ಸ್ಲೈಡು. ಈ ಕ್ರಮ ಹಿಡಿದರೆ 60ರಲ್ಲಿ ಬಹುಶಃ ಹನ್ನೆರಡು ಸ್ಲೈಡು ಉಳಿಯುತ್ತವೆ. ಉಳಿದವು ತರಗತಿಯಲ್ಲಿ ನಿಮ್ಮ ಮಾತಿಗೆ ಆಸರೆಯಾಗಿದ್ದವು, ಮಗು ಒಂಟಿಯಾಗಿ ಓದುವಾಗ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆಯನ್ನು ನಿಮ್ಮೂರಿನಿಂದಲೇ ತೆಗೆಯೋಣ. 40 ಕೆ.ಜಿ. ಹಸಿ ಮೆಣಸಿನಕಾಯಿ ಒಣಗಿ 10 ಕೆ.ಜಿ. ಆಯಿತು, ತೂಕ ಶೇಕಡಾ ಎಷ್ಟು ಇಳಿಯಿತು? ಸರಿ ಉತ್ತರ 75. ತಪ್ಪು ಆಯ್ಕೆಗಳನ್ನು ಬಾಯಿಗೆ ಬಂದಂತೆ ಕೊಡಬೇಡಿ, 25, 30, 300 ಕೊಡಿ. 25 ಆರಿಸಿದ ಮಗು ಇಳಿದದ್ದನ್ನು ಬಿಟ್ಟು ಉಳಿದದ್ದರ ಲೆಕ್ಕ ಹಾಕಿದೆ. 30 ಎಂದ ಮಗು ಕಳೆದು ಅಲ್ಲಿಗೇ ನಿಂತಿದೆ. 300 ಎಂದ ಮಗು ಮೂಲ ತೂಕ 40ರ ಬದಲು 10ರಿಂದ ಭಾಗಿಸಿದೆ. ಪ್ರತಿ ತಪ್ಪು ಉತ್ತರಕ್ಕೂ ಬೇರೆ ಬೇರೆ ಮರುಮಾತು ಬರೆದಿಡಲು, ಆನ್‌ಲೈನ್ ಕೋರ್ಸು ನಡೆಸುವ ಉಚಿತ ತಂತ್ರಾಂಶವಾದ ಮೂಡಲ್‌ನಲ್ಲಿ ಜಾಗವಿದೆ. 300ಕ್ಕೆ 'ತೂಕ ಪೂರ್ತಿ ಹೋದರೂ 100ಕ್ಕಿಂತ ಹೆಚ್ಚು ಇಳಿಯಬಹುದೇ? ಮೊದಲು ಎಷ್ಟಿತ್ತು ನೋಡು' ಎಂದು ಬರೆಯಿರಿ. ಬರೀ 'ತಪ್ಪು, ಮತ್ತೆ ಪ್ರಯತ್ನಿಸು' ಎಂದರೆ ಮಗು ಉಳಿದ ಆಯ್ಕೆಗಳನ್ನು ಒಂದೊಂದಾಗಿ ಒತ್ತುತ್ತದೆ, ಅಷ್ಟೆ.

ವಾರಕ್ಕೆ ಮಗುವಿನ ಮೂರು ಗಂಟೆಗಿಂತ ಹೆಚ್ಚು ಕೇಳಬೇಡಿ. ಹಂಚಿಕೆ ಹೀಗಿರಬಹುದು: ಆರು ನಿಮಿಷದ ನಾಲ್ಕು ವಿಡಿಯೊ ಸೇರಿ 24 ನಿಮಿಷ, ಓದು 20, ಲೆಕ್ಕ ಬಿಡಿಸುವುದು 60, ಮನೆಯಲ್ಲಿ ಅಥವಾ ಸಂತೆಯಲ್ಲಿ ಮಾಡುವ ಕೆಲಸ 45, ಚರ್ಚೆ 15, ಕಿರುಪರೀಕ್ಷೆ 16. ಪರದೆಯ ಆಚೆ ನಡೆಯುವ ಆ 45 ನಿಮಿಷವನ್ನು ಮಾತ್ರ ಕತ್ತರಿಸಬೇಡಿ. ಒಣ ಮೆಣಸಿನಕಾಯಿಯನ್ನು ತಾನೇ ತೂಗಿ ನೋಡಿದ ಮಗುವಿಗೆ ಹೇಳಲು ತನ್ನದೊಂದು ಮಾತಿರುತ್ತದೆ.

ಪ್ರಶ್ನೆ: ಲಕ್ಕುಂಡಿಯ ಮೇಲೆ 40 ನಿಮಿಷದ ಪಾಠ ಚಿತ್ರೀಕರಿಸಿ ಹಾಕಿದೆ. ಹೆಚ್ಚಿನ ಮಕ್ಕಳು ಐದಾರು ನಿಮಿಷಕ್ಕೇ ಬಿಟ್ಟಿದ್ದಾರೆ. ಫೈಲು ದೊಡ್ಡದು, ದನಿಯೂ ಗುಂಯ್‌ಗುಡುತ್ತದೆ ಎನ್ನುತ್ತಾರೆ.
– ಸಮಾಜ ವಿಜ್ಞಾನ ಶಿಕ್ಷಕರು, ಗದಗ

ಉತ್ತರ: ನಿಮ್ಮ ಮಕ್ಕಳದ್ದೇನೂ ವಿಶೇಷ ತಪ್ಪಿಲ್ಲ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ನಾಲ್ಕು ಕೋರ್ಸುಗಳಲ್ಲಿ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ವಿಡಿಯೊ ಎಷ್ಟೇ ಉದ್ದವಿರಲಿ, ನೋಡುಗರು ಗಮನವಿಟ್ಟದ್ದು ಸಾಮಾನ್ಯವಾಗಿ ಆರು ನಿಮಿಷದೊಳಗೇ. ಅವರು ಕಾಲೇಜು ಮಟ್ಟದ ಕಲಿಕೆಗೆ ತಾವಾಗಿ ಸೇರಿದವರು. ಶಾಲಾ ಮಕ್ಕಳಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಸರಿಯಲ್ಲ.

ನಿಮ್ಮ 40 ನಿಮಿಷದಲ್ಲಿ ನಾಲ್ಕು ಪ್ರಶ್ನೆಗಳಾದರೂ ಇವೆ. ಬಾದಾಮಿಯ ಮರಳುಗಲ್ಲು ಬಿಟ್ಟು ಇಲ್ಲಿ ಬಳಪದ ಕಲ್ಲು ಹಿಡಿದದ್ದರಿಂದ ಕೆತ್ತನೆ ಹೇಗೆ ಬದಲಾಯಿತು? ಕಾಶಿ ವಿಶ್ವೇಶ್ವರ ಗುಡಿಯಲ್ಲಿ ಎರಡು ಗರ್ಭಗುಡಿ ಎದುರುಬದುರು ಏಕಿವೆ? ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ನಮಗೆ ಏನು ಹೇಳುತ್ತದೆ? ಮುಸುಕಿನ ಬಾವಿಯ ಮೆಟ್ಟಿಲುಗಳ ರಚನೆ ಏನು? ಒಂದೊಂದಕ್ಕೂ ಐದಾರು ನಿಮಿಷದ ತುಣುಕು ಮಾಡಿ, ಪ್ರತಿ ತುಣುಕಿನ ಕೊನೆಗೆ ಮಗು ಬರೆಯಬೇಕಾದ ಒಂದು ಉತ್ತರ ಕೇಳಿ. ನಮಸ್ಕಾರ, ಪರಿಚಯ, ಹಿಂದಿನ ಪಾಠದ ಪುನರಾವರ್ತನೆ ಎಲ್ಲ ತೆಗೆದು ನೇರವಾಗಿ ಪ್ರಶ್ನೆಯಿಂದ ಶುರು ಮಾಡಿ.

ದನಿ ಗುಂಯ್‌ಗುಡಲು ಕಾರಣ ಖಾಲಿ ಕೋಣೆ ಮತ್ತು ದೂರದ ಮೊಬೈಲು. ಮೈಕ್ ಇರುವ ಸಾದಾ ಇಯರ್‌ಫೋನ್ ತೆಗೆದುಕೊಂಡು ಬಾಯಿಯಿಂದ ಒಂದು ಗೇಣು ಕೆಳಗೆ ಅಂಗಿಗೆ ಸಿಕ್ಕಿಸಿ. ಎದುರಿನ ಗೋಡೆಗೆ ಎರಡು ಕೌದಿ ಇಳಿಬಿಟ್ಟರೆ ಪ್ರತಿಧ್ವನಿ ಇಳಿಯುತ್ತದೆ. ತಗಡಿನ ಚಾವಣಿ ಕೆಳಗೆ ಮಳೆಯಲ್ಲಿ ರೆಕಾರ್ಡ್ ಮಾಡಬೇಡಿ, ಆ ಸದ್ದನ್ನು ಆಮೇಲೆ ತೆಗೆಯಲು ಆಗುವುದಿಲ್ಲ. ಕಿಟಕಿ ನಿಮ್ಮ ಎದುರಿಗಿರಲಿ. ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಚಿತ್ರ ಸ್ವಲ್ಪ ಮಸುಕಾದರೆ ಮಕ್ಕಳು ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದುಹೋಗುತ್ತಾರೆ.

ಇನ್ನು ಫೈಲಿನ ಗಾತ್ರ. ಮೊಬೈಲು 1080ಪಿಯಲ್ಲಿ ಸೆಕೆಂಡಿಗೆ 17 ಮೆಗಾಬಿಟ್‌ನಂತೆ ಚಿತ್ರೀಕರಿಸಿದರೆ ಆರು ನಿಮಿಷಕ್ಕೆ ಸುಮಾರು 765 ಎಂ.ಬಿ. ಆಗುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 720ಪಿಗೆ ಇಳಿಸಿ, ಚಿತ್ರಕ್ಕೆ ಸೆಕೆಂಡಿಗೆ 500 ಕಿಲೋಬಿಟ್, ದನಿಗೆ 64 ಕಿಲೋಬಿಟ್ ಕೊಟ್ಟರೆ ಅದೇ ಆರು ನಿಮಿಷ 25 ಎಂ.ಬಿ.ಗೆ ಬರುತ್ತದೆ. ಸ್ಲೈಡು ಮತ್ತು ನಿಂತ ಚಿತ್ರಗಳಿಗೆ ಇಷ್ಟು ಸಾಕು. ದನಿಯನ್ನಷ್ಟೇ ಬೇರೆ ಫೈಲಾಗಿಯೂ ಕೊಡಿ, ಮೂರು ಎಂ.ಬಿ. ಒಳಗೇ ಆಗುತ್ತದೆ. ಅಪ್ಪನ ಮೊಬೈಲು ಹೊಲದಿಂದ ಸಂಜೆ ಮನೆಗೆ ಬಂದ ಮೇಲೆ ಓದುವ ಮಗುವಿಗೆ, ಅದೂ ಆ ದಿನದ ಡೇಟಾ ಮುಗಿಯುತ್ತ ಬಂದಿರುವಾಗ, ಇದು ದೊಡ್ಡ ಉಪಕಾರ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಗಳನ್ನು ಕೋರ್ಸಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಸರಿ ಉತ್ತರವನ್ನೂ ತಪ್ಪೆಂದು ತೋರಿಸುತ್ತದೆ.
– ಪ್ರೌಢಶಾಲಾ ಕನ್ನಡ ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟು ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಆ ಫಾಂಟು ಇಲ್ಲದ ಕಡೆ ಒಳಗಿರುವುದೇ ಹೊರಬೀಳುತ್ತದೆ. ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿಗೆ, ಬದಲಿಸಿಕೊಳ್ಳಿ. ಆದರೆ ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ಓದಿ, ಕೆಡುವುದು ಹೆಚ್ಚಾಗಿ ಅಲ್ಲೇ. ಹೊಸದಾಗಿ ಬರೆಯುವುದನ್ನು ಮೊದಲಿನಿಂದಲೇ ಯುನಿಕೋಡಿನಲ್ಲಿ ಬರೆಯಿರಿ.

ಉತ್ತರ ತಪ್ಪೆನ್ನಲು ಕಾರಣ ಬೇರೆ. ಯಂತ್ರ ಅರ್ಥ ನೋಡುವುದಿಲ್ಲ, ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಮಗು ೪೦ ಎಂದು ಬರೆದರೆ, ನಿಮ್ಮ ಸರಿ ಉತ್ತರದ ಕೀಲಿಯಲ್ಲಿ 40 ಇದ್ದರೆ, ಅದರ ಲೆಕ್ಕದಲ್ಲಿ ಎರಡೂ ಬೇರೆ. 'ನರಗುಂದ' ಮತ್ತು 'ನರಗುಂದದಲ್ಲಿ' ಬೇರೆ. 'ಸಾಫ್ಟ್‌ವೇರ್' ಎಂಬಲ್ಲಿ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಚಿಹ್ನೆ ಇದೆ, ಕೆಲವು ಕೀಲಿಮಣೆಗಳು ಅದನ್ನು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಮೂಡಲ್‌ನ ಕಿರು ಉತ್ತರ ಪ್ರಶ್ನೆಯಲ್ಲಿ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಬರೆದಿಡಬಹುದು. ಪದದ ಕೊನೆಗೆ ನಕ್ಷತ್ರ ಚಿಹ್ನೆ ಇಟ್ಟರೆ ಮುಂದೆ ಬರುವ ಪ್ರತ್ಯಯವನ್ನೂ ಒಪ್ಪುತ್ತದೆ. ವಿಭಕ್ತಿ ಪ್ರತ್ಯಯಗಳ ನಮ್ಮ ಭಾಷೆಗೆ ಈ ಸೌಲಭ್ಯ ಬಹಳ ಬೇಕು. ಆದರೂ ಕನ್ನಡದಲ್ಲಿ ಬಿಟ್ಟ ಸ್ಥಳಕ್ಕಿಂತ ಹೊಂದಿಸಿ ಬರೆಯುವ, ಆಯ್ದು ಗುರುತಿಸುವ ಪ್ರಶ್ನೆಗಳೇ ಯಂತ್ರಕ್ಕೆ ಒಗ್ಗುತ್ತವೆ. ಮಗುವಿನ ಸ್ವಂತ ವಾಕ್ಯ ಬೇಕಾದಲ್ಲಿ ನೀವೇ ಓದಿ ಅಂಕ ಕೊಡಿ.

ಪ್ರಶ್ನೆ: ಚರ್ಚೆಯ ವೇದಿಕೆ ತೆರೆದಿದ್ದೇನೆ, ಯಾರೂ ಬರೆಯುವುದಿಲ್ಲ. ಬರೆದರೂ 'ಓಕೆ ಸರ್'.
– ವಿಜ್ಞಾನ ಶಿಕ್ಷಕರು, ಮುಂಡರಗಿ

ಉತ್ತರ: 'ಮಣ್ಣಿನ ಸವಕಳಿ ಬಗ್ಗೆ ಚರ್ಚಿಸಿ' ಎಂದು ಕೇಳಿದರೆ ಎಲ್ಲರ ಉತ್ತರ ಪುಸ್ತಕದ ಒಂದೇ ಸಾಲು, ಮೊದಲನೆಯವರು ಬರೆದ ಮೇಲೆ ಉಳಿದವರಿಗೆ ಬರೆಯಲು ಏನೂ ಇರುವುದಿಲ್ಲ. ಒಬ್ಬೊಬ್ಬರ ಉತ್ತರ ಬೇರೆಯಾಗುವಂತೆ ಕೇಳಿ: 'ನಿಮ್ಮ ಹೊಲದ ಮಣ್ಣು ಒಂದು ಹಿಡಿ ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ, ಹತ್ತು ನಿಮಿಷ ಬಿಟ್ಟು ಏನು ಕಂಡಿತು ಬರೆಯಿರಿ. ಆಮೇಲೆ ನಿಮಗಿಂತ ಬೇರೆ ಫಲಿತಾಂಶ ಬಂದ ಒಬ್ಬರನ್ನು ಒಂದು ಪ್ರಶ್ನೆ ಕೇಳಿ.' ಎರೆ ಮಣ್ಣಿನ ಊರಿನವರೂ ಮಸಾರಿ ಮಣ್ಣಿನವರೂ ಒಂದೇ ಗುಂಪಿನಲ್ಲಿದ್ದರೆ ಚರ್ಚೆಗೆ ನಿಜವಾದ ವಿಷಯ ಸಿಗುತ್ತದೆ. ಒಂದು ಗುಂಪಿನಲ್ಲಿ ಐದಾರು ಮಕ್ಕಳು ಸಾಕು. ಮೊದಲ ವಾರ ಪ್ರತಿ ಮಗುವಿಗೂ ಹೆಸರು ಹಿಡಿದು ಉತ್ತರಿಸಿ, ಆಮೇಲೆ ನಿಧಾನಕ್ಕೆ ಹಿಂದೆ ಸರಿಯಿರಿ.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 30 ಮಕ್ಕಳ ಬರಹಕ್ಕೆ ತಲಾ ನಾಲ್ಕು ನಿಮಿಷವೆಂದರೆ ವಾರಕ್ಕೆ ಎರಡು ಗಂಟೆ, 60 ಮಕ್ಕಳಾದರೆ ನಾಲ್ಕು ಗಂಟೆ. ಈ ಗಂಟೆಗಳನ್ನು ವೇಳಾಪಟ್ಟಿಯಲ್ಲಿ ಕೊಡದೆ ಶಿಕ್ಷಕರಿಂದ ಆನ್‌ಲೈನ್ ಪಾಠ ಕೇಳುವುದು ಅನ್ಯಾಯ. ಮುಖ್ಯೋಪಾಧ್ಯಾಯರು ಇದನ್ನು ಗಮನಿಸಬೇಕು.

ಪ್ರಶ್ನೆ: ಕಣ್ಣು ಕಾಣದ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದಾನೆ. ಅವನಿಗಾಗಿ ಬೇರೆ ಕೋರ್ಸು ಮಾಡಬೇಕೇ?
– ಶಿಕ್ಷಕಿ, ರಾಣೆಬೆನ್ನೂರು

ಉತ್ತರ: ಬೇಡ, ಅದೇ ಕೋರ್ಸನ್ನು ಅವನಿಗೂ ತೆರೆಯುವಂತೆ ಮಾಡಿ. ಆಂಡ್ರಾಯ್ಡ್ ಮೊಬೈಲಿನ ಟಾಕ್‌ಬ್ಯಾಕ್ ಪರದೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ. ಆದರೆ ಪುಟದ ಫೋಟೊ ಹೊಡೆದು ಮಾಡಿದ ಪಿ.ಡಿ.ಎಫ್. ಅದಕ್ಕೆ ಬರೀ ಚಿತ್ರ, ಹಳೆಯ ನುಡಿ ಫಾಂಟಿನದು ಅರ್ಥವಿಲ್ಲದ ಸದ್ದು. ಹಾಗಾಗಿ ಪಾಠವನ್ನು ಯುನಿಕೋಡಿನಲ್ಲಿ ಟೈಪ್ ಮಾಡಿ. ಪ್ರತಿ ಚಿತ್ರಕ್ಕೂ ಒಂದೆರಡು ವಾಕ್ಯದ ವಿವರಣೆ ಬರೆಯಿರಿ. ವಿಡಿಯೊದಲ್ಲಿ 'ಇಲ್ಲಿ ನೋಡಿ, ಇದು ಇದಕ್ಕಿಂತ ದೊಡ್ಡದು' ಎನ್ನುವ ಬದಲು 'ಎಡಗಡೆಯ ಕೋನ ಬಲಗಡೆಯದಕ್ಕಿಂತ ದೊಡ್ಡದು' ಎನ್ನಿ. ದನಿಯ ಫೈಲಷ್ಟೇ ಇಳಿಸಿಕೊಂಡು ಕೇಳುವ ಮಕ್ಕಳಿಗೂ ಇದರಿಂದ ಪಾಠ ತಿಳಿಯುತ್ತದೆ.

ಪ್ರಶ್ನೆ: ಎಲ್ಲ ಮಕ್ಕಳನ್ನೂ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿ ಅಲ್ಲೇ ಕೋರ್ಸು ನಡೆಸಬಹುದೇ?
– ಶಿಕ್ಷಕರು, ನವಲಗುಂದ

ಉತ್ತರ: ಸೂಚನೆ ಕಳಿಸಲು ಸರಿ, ಕೋರ್ಸಿಗೆ ಬೇಡ. ಸೋಮವಾರದ ಪಾಠ ಬುಧವಾರದ ಹೊತ್ತಿಗೆ ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಯಾರು ಮುಗಿಸಿದರು ಎಂಬ ದಾಖಲೆಯೂ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗುಂಪಿನಲ್ಲಿ ಪ್ರತಿ ಮನೆಯ ನಂಬರು ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಪಾಲಕರು ಇದಕ್ಕೆ ಹಿಂಜರಿಯುವುದು ಸಹಜ, ಅವರ ಆತಂಕ ನ್ಯಾಯವಾದದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ ಅವರ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನು ಮುಂದಿಡುತ್ತದೆ. ಪಾಲಕರ ಸಭೆಯಲ್ಲಿ ವಿಷಯ ತಿಳಿಸಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಪಾಠವನ್ನು ಗೂಗಲ್ ಕ್ಲಾಸ್‌ರೂಮ್ ಅಥವಾ ಮೂಡಲ್‌ನಲ್ಲಿ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ಪಾಲಕರು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಸಂದೇಶ ತಲುಪುತ್ತದೆ. ಆ ಕೆಲಸವನ್ನು ಸಭೆಯ ದಿನವೇ, ಅವರು ಎದುರಿಗಿರುವಾಗಲೇ ಮಾಡಿಸಿಬಿಡಿ.