ಗಾಳಿಸುದ್ದಿಯ ಸಾಕ್ಷ್ಯಚಿತ್ರ: ಎಲ್ಲಿಂದ ಆರಂಭಿಸಬೇಕು?

ನ್ಯೂಯಾರ್ಕಿನ ಸಿರಿವಂತ ವಲಯದ ಯುವತಿಯರು ಮತ್ತು ಅವರ ಬಗ್ಗೆ ಹೆಸರು ಮರೆಸಿಕೊಂಡು ಬರೆದವರ ಕುರಿತು ಸಾಕ್ಷ್ಯಚಿತ್ರ ಮಾಡುತ್ತಿರುವ ನೀವು, ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಬೇಕೆಂದು ಕೇಳಿದ್ದೀರಿ. 2006ರಲ್ಲಿ ಹುಟ್ಟಿ ಮರುವರ್ಷವೇ ನಿಂತುಹೋದ ‘ಸೋಷಿಯಲೈಟ್ ರ್‍ಯಾಂಕ್’ ಜಾಲತಾಣದಿಂದಲೇ ಆರಂಭಿಸಿರೆಂಬುದು ನನ್ನ ಸಲಹೆ. ಯಾರು ಎಷ್ಟು ಸಮಾರಂಭಗಳಲ್ಲಿ ಕಾಣಿಸಿಕೊಂಡರು, ಪತ್ರಿಕೆಗಳಲ್ಲಿ ಎಷ್ಟು ಸಲ ಬಂದರು ಎಂಬುದಕ್ಕೆಲ್ಲ ಅಂಕ ಕೊಟ್ಟು ಅದು ಒಬ್ಬೊಬ್ಬರನ್ನೂ ಪಟ್ಟಿಯಲ್ಲಿ ಏರಿಸಿ ಇಳಿಸುತ್ತಿತ್ತು. ಅದನ್ನು ನಡೆಸುತ್ತಿದ್ದವರು ರಷ್ಯಾ ಮೂಲದ ಇಬ್ಬರು ಎಂದು 2007ರಲ್ಲಿ ‘ನ್ಯೂಯಾರ್ಕ್’ ನಿಯತಕಾಲಿಕ ಬಯಲು ಮಾಡಿತು. ಅವರ ಗುರುತನ್ನು ಕೊನೆಯವರೆಗೆ ಬಚ್ಚಿಡುವ ಆಸೆ ನಿಮಗಾಗಬಹುದು, ದಯವಿಟ್ಟು ಬೇಡ. ಹೊರಗಿನಿಂದ ಬಂದವರು ಹಳೆಯ ಮನೆತನಗಳ ಲೋಕಕ್ಕೆ ಅಂಕ ಹಾಕುವ ಅಧಿಕಾರವನ್ನು ಹೇಗೆ ಪಡೆದರು ಎಂಬುದೇ ಹೆಚ್ಚು ಆಳವಾದ ಪ್ರಶ್ನೆ.

ಕಾನೂನಿನ ಭಾಗಕ್ಕೆ ರೂಪದರ್ಶಿ ಲಿಸ್ಕುಲಾ ಕೊಹೆನ್ ಅವರ ಪ್ರಕರಣ ಸಾಕು. ತಮ್ಮನ್ನು ಹೀನಾಯವಾಗಿ ನಿಂದಿಸಿದ ಅನಾಮಧೇಯ ಬ್ಲಾಗಿನ ವಿರುದ್ಧ ಅವರು ನ್ಯಾಯಾಲಯಕ್ಕೆ ಹೋದಾಗ, ಬರೆದವರ ಗುರುತನ್ನು ಒಪ್ಪಿಸುವಂತೆ 2009ರಲ್ಲಿ ಗೂಗಲ್‌ಗೆ ಆದೇಶವಾಯಿತು. ಹೊರಬಿದ್ದ ಹೆಸರು ಪರಿಚಿತರೊಬ್ಬರದೇ ಆಗಿತ್ತು.

ಒಂದು ವಿಷಯದಲ್ಲಿ ಮಾತ್ರ ರಾಜಿಯಾಗಬೇಡಿ. ಹಳೆಯ ನಿಂದನೆಗಳನ್ನು ನಿರೂಪಕರ ಬಾಯಲ್ಲಿ ಓದಿಸಿ, ಆಮೇಲೆ ಅವು ಸುಳ್ಳೆಂದು ಹೇಳಿದರೂ, ನೋಡಿದವರ ಮನಸ್ಸಿನಲ್ಲಿ ಉಳಿಯುವುದು ನಿಂದನೆಯೇ. ಅದರ ಬದಲು ಅಂಕಪಟ್ಟಿಯ ಒಂದು ಪುಟವನ್ನು, ಹೆಸರುಗಳನ್ನು ಮಸುಕುಗೊಳಿಸಿ, ಪರದೆಯ ಮೇಲೆ ನಿಧಾನವಾಗಿ ಸರಿಯಲು ಬಿಡಿ. ಸಂದರ್ಶನಕ್ಕೆ ಒಪ್ಪಿದ ಮಹಿಳೆಯರಿಗೆ ತಮ್ಮ ಭಾಗವನ್ನು ಬಿಡುಗಡೆಗೆ ಮುನ್ನ ನೋಡುವ ಅವಕಾಶ ಕೊಡಿ.