ಮತ್ತೆ ಬೆಳೆದ ಕಾಡಿನ ಗಟ್ಟಿಮರ ತೊಲೆಗೆ ಆದೀತೇ?

ಪ್ರಶ್ನೆ: ಒಮ್ಮೆ ಕಡಿದ ಮೇಲೆ ಮತ್ತೆ ಬೆಳೆದ ಉಷ್ಣವಲಯದ ಕಾಡಿನ ನಾಟಾ ಹಳೆಯ ಕಾಡಿನದರಷ್ಟು ಬಲವಿಲ್ಲ ಎನ್ನುತ್ತಾರೆ. ಬೇಗ ಬೆಳೆದದ್ದೇ ಕಾರಣವೇ?

ಉತ್ತರ: ಬೇಗ ಬೆಳೆದದ್ದಕ್ಕಿಂತ ಬಲಿಯುವ ಮೊದಲೇ ಕಡಿದದ್ದು ದೊಡ್ಡ ಕಾರಣ. ತೇಗದಂಥ ಮರದಲ್ಲಿ ಉಂಗುರ ಅಗಲವಾದ ಮಾತ್ರಕ್ಕೆ ಬಲ ಕುಗ್ಗುವುದಿಲ್ಲ. ಆದರೆ ಕಾಂಡದ ನಟ್ಟನಡುವೆ, ಮೊದಲ ವರ್ಷಗಳಲ್ಲಿ ಕಟ್ಟಿಕೊಂಡ ಎಳೆಮರದ ನಾರು ಗಿಡ್ಡ; ಕೋಶದ ಗೋಡೆಯ ಸೂಕ್ಷ್ಮ ಎಳೆಗಳೂ ನೆಟ್ಟಗಿರದೆ ಓರೆಯಾಗಿ ಸುತ್ತಿರುತ್ತವೆ. ಹಾಗಾಗಿ ಭಾರಕ್ಕೆ ಬೇಗ ಬಾಗುತ್ತದೆ, ಒಣಗುವಾಗ ಉದ್ದದಲ್ಲೂ ಕುಗ್ಗುತ್ತದೆ. ಹಲಗೆಯ ಒಂದು ಅಂಚು ಎಳೆಯದು, ಇನ್ನೊಂದು ಬಲಿತದ್ದು ಆದರೆ ಅದು ಬಿಲ್ಲಿನಂತೆ ಬಾಗುವುದು ಇದರಿಂದಲೇ.

ಲೆಕ್ಕ ನೋಡಿ: ನಡುವಿನ 10 ಸೆಂ.ಮೀ. ವ್ಯಾಸ ಎಳೆಮರ ಎಂದುಕೊಳ್ಳಿ. 20 ಸೆಂ.ಮೀ. ದಿಮ್ಮಿಯಲ್ಲಿ ಅದು ಕಾಲು ಪಾಲು, 60 ಸೆಂ.ಮೀ. ದಿಮ್ಮಿಯಲ್ಲಿ 36ರಲ್ಲಿ ಒಂದೇ ಪಾಲು. ಆದ್ದರಿಂದ ಯಾವ ಕಾಡಿನದು ಎಂಬುದಕ್ಕಿಂತ, ದಿಮ್ಮಿಯ ಯಾವ ಭಾಗದಿಂದ ಕೊಯ್ದದ್ದು ಎಂದು ಕೇಳಿ. ತುದಿಯಲ್ಲಿ ಉಂಗುರಗಳ ನಡುಬಿಂದು ಕಾಣುವ ತುಂಡನ್ನು ತೊಲೆಗೆ ಹಾಕಲೇಬೇಡಿ.

ಪ್ರಶ್ನೆ: ಬಲವನ್ನು ಅಳೆಯುವುದು ಹೇಗೆ?

ಉತ್ತರ: ಗಂಟು, ಬಿರುಕು ಇಲ್ಲದ 20×20×300 ಮಿ.ಮೀ. ತುಂಡನ್ನು 12% ತೇವಾಂಶಕ್ಕೆ ತಂದು, 280 ಮಿ.ಮೀ. ಅಂತರದ ಎರಡು ಆಧಾರಗಳ ಮೇಲಿಟ್ಟು, ಮಧ್ಯದಲ್ಲಿ ಮುರಿಯುವವರೆಗೂ ಭಾರ ಹೇರುತ್ತಾರೆ. ಮುರಿದ ಭಾರವನ್ನು ಅಂತರದಿಂದಲೂ 3ರಿಂದಲೂ ಗುಣಿಸಿ, ಅಗಲ ಮತ್ತು ದಪ್ಪದ ವರ್ಗದ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ಬಾಗುಬಲ ಸಿಗುತ್ತದೆ. ಇಲ್ಲಿ ಎಡವುವುದು ತೇವಾಂಶದಲ್ಲೇ. ಸುಮಾರು 30%ಕ್ಕಿಂತ ಕೆಳಗೆ ಒಣಗಿದಷ್ಟೂ ಮರದ ಬಲ ಏರುತ್ತದೆ. ಒಣಗಿದ ಹಳೆಮರವನ್ನು ಹಸಿಯಾದ ಹೊಸಮರದ ಜೊತೆ ತೂಗಿದರೆ ಹೊಸದಕ್ಕೆ ಅನ್ಯಾಯವಾಗುತ್ತದೆ.

ಈ ಅಂಕಿ ಶುದ್ಧ ತುಂಡಿನದು, ನೇರವಾಗಿ ತೊಲೆಗೆ ಹಚ್ಚಬೇಡಿ. ಒಣಗುವಾಗ ಬಿದ್ದ ಬಿರುಕುಗಳು ಓಡಿದ ದಿಕ್ಕೇ ನಾರಿನ ದಿಕ್ಕು; ಅದು 10 ಸೆಂ.ಮೀ. ಉದ್ದಕ್ಕೆ 1 ಸೆಂ.ಮೀ. ಓರೆಯಾದರೂ ಬಾಗುಬಲದ ಐದನೇ ಒಂದು ಭಾಗ ಹೋಗುತ್ತದೆ. ತೊಲೆಯ ಕೆಳಮೈಯ ನಡುವೆ ಗಂಟು ಬರದಂತೆ ಕೂರಿಸಿ. ಬಲ 20% ಕಡಿಮೆಯಿದ್ದರೆ ತೊಲೆಯ ಎತ್ತರವನ್ನು (ಮೇಲಿನಿಂದ ಕೆಳಗಿನ ದಪ್ಪವನ್ನು) 12% ಹೆಚ್ಚಿಸಿದರೆ ಸಾಕು, ಏಕೆಂದರೆ ಬಲ ಎತ್ತರದ ವರ್ಗಕ್ಕೆ ಏರುತ್ತದೆ.

ಪ್ರಶ್ನೆ: ಹೊರಗಿನ ಬಿಳಿ ಭಾಗ ದುರ್ಬಲವೇ?

ಉತ್ತರ: ಬಲದಲ್ಲಿ ಅದು ಚೇಗಿಗಿಂತ (ಒಳಗಿನ ಬಲಿತ ಭಾಗಕ್ಕಿಂತ) ಹೆಚ್ಚೇನೂ ಕಡಿಮೆಯಿಲ್ಲ. ಆದರೆ ಬಿಳಿ ಭಾಗದಲ್ಲಿ ಪಿಷ್ಟವಿರುವುದರಿಂದ ಹುಳು ಹಿಡಿಯುತ್ತದೆ, ಒದ್ದೆಯಲ್ಲಿ ಬೇಗ ಕೊಳೆಯುತ್ತದೆ. ಎಳೆಯ ದಿಮ್ಮಿಯಲ್ಲಿ ಈ ಭಾಗವೇ ಹೆಚ್ಚು. ರಕ್ಷಕ ದ್ರಾವಣ ಉಣಿಸಿಯೇ ಬಳಸಿ.